ಮಜ್ದಾ ಮಿಯಾಟಾ: ಮನೆಯಲ್ಲೇ ಮಾಡುವ ಬದಲಾವಣೆಗಳು ಕೆಡುವುದೆಲ್ಲಿ

1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮಜ್ದಾ ಕಂಪನಿ ಎಂಎಕ್ಸ್-5 ಮಿಯಾಟಾ ಎಂಬ ಎರಡು ಸೀಟಿನ ಪುಟ್ಟ ಕಾರನ್ನು ಮೊದಲ ಬಾರಿ ತೋರಿಸಿತು. ಅದೇ ವರ್ಷ ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಹೆಡ್‌ಲೈಟುಗಳು ರೆಪ್ಪೆ ತೆರೆದಂತೆ ಮೇಲೇಳುವ ಈ ಮೊದಲ ತಲೆಮಾರನ್ನು ಬಲ್ಲವರು 'ಎನ್‌ಎ' ಎನ್ನುತ್ತಾರೆ, 1997ರವರೆಗೆ ತಯಾರಾಯಿತು. ತೂಕ ಸುಮಾರು 950 ಕೆ.ಜಿ., ಎಂಜಿನ್ ಮೊದಲು 1,597 ಸಿಸಿ (1.6 ಲೀಟರ್), ಆಮೇಲೆ 1.8 ಲೀಟರ್, ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ಕವಲು ತೋಳಿನ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಭಾರತದಲ್ಲಿ ಮಜ್ದಾ ಇದನ್ನು ಮಾರಲೇ ಇಲ್ಲ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ವಾರಾಂತ್ಯದ ಕಾರಾಗಿ ಸುಲಭವಾಗಿ ಕೈಗೆಟಕುವ ಹಳೆಯ ಸ್ಪೋರ್ಟ್ಸ್ ಕಾರು ಇದು.

ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರ್ ಆಡಿಸಲು ಜಾಗವಿದೆ. ಹಾಗಾಗಿ ಮನೆಯಂಗಳದಲ್ಲೇ ಕೈ ಹಚ್ಚುವವರು ಬಹಳ. ತೊಂದರೆ ಶುರುವಾಗುವುದೂ ಅಲ್ಲೇ. ಹಗುರವಾಗಿ ಕಟ್ಟಿದ ಈ ಕಾರಿನಲ್ಲಿ ಒಂದೊಂದು ಭಾಗವೂ ಎರಡು ಕೆಲಸ ಮಾಡುತ್ತದೆ. ಒಂದು ಕೆಲಸ ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಕಾಣುವ ಕೆಲಸವನ್ನು ಮಾತ್ರ ನೋಡಿ ಭಾಗವನ್ನು ಕತ್ತರಿಸಿದರೆ, ಮುಚ್ಚಿದರೆ, ತೆಗೆದುಹಾಕಿದರೆ ಕಾಣದ ಕೆಲಸ ನಿಂತುಹೋಗುತ್ತದೆ. ಇಲ್ಲಿ ಹೇಳಲಿರುವ ಹೆಚ್ಚಿನ ತಪ್ಪುಗಳ ಬೇರು ಇದೇ.

ಸ್ಪ್ರಿಂಗ್ ಕತ್ತರಿಸುವುದು

ಕಾರನ್ನು ತಗ್ಗಿಸಲು ಅತಿ ಅಗ್ಗದ ದಾರಿ ಎಂದರೆ ಸ್ಪ್ರಿಂಗ್ ಬಿಚ್ಚಿ ಗ್ರೈಂಡರಿನಲ್ಲಿ ಒಂದು ಸುತ್ತು ಕತ್ತರಿಸುವುದು. ನಮ್ಮ ಕಡೆಯ ಗ್ಯಾರೇಜುಗಳಲ್ಲೂ ಸಣ್ಣ ಕಾರುಗಳಿಗೆ ಇದನ್ನು ಮಾಡಿಕೊಡುತ್ತಾರೆ. ಆದ್ದರಿಂದ ಇದರ ಲೆಕ್ಕವನ್ನು ಕೊಂಚ ನಿಧಾನವಾಗಿ ನೋಡೋಣ.

ಕಾಯಿಲ್ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪ, ಸುತ್ತಿನ ವ್ಯಾಸ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಈ ಮೂರರ ಮೇಲೆ ನಿಂತಿದೆ. ಸುತ್ತು ಕಡಿಮೆಯಾದಷ್ಟೂ ಬಿಗಿತ ಏರುತ್ತದೆ. ಆರು ಸುತ್ತಿನ ಸ್ಪ್ರಿಂಗನ್ನು ಐದಕ್ಕೆ ಇಳಿಸಿದರೆ ಬಿಗಿತ ಶೇ. 20ರಷ್ಟು ಹೆಚ್ಚು. ಭಾರವಿಲ್ಲದಾಗ ಒಂದೊಂದು ಸುತ್ತಿನ ನಡುವೆ 40 ಮಿ.ಮೀ., ಕಾರಿನ ಭಾರ ಬಿದ್ದಾಗ 20 ಮಿ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಒಂದು ಸುತ್ತು ತೆಗೆದರೆ ನಿಂತ ಕಾರಿನಲ್ಲಿ ಸ್ಪ್ರಿಂಗ್ 20 ಮಿ.ಮೀ. ಗಿಡ್ಡವಾಗುತ್ತದೆ. ಮಿಯಾಟಾದಲ್ಲಿ ಶಾಕ್ ಅಬ್ಸಾರ್ಬರ್ ಚಕ್ರದ ಹತ್ತಿರ ಇಲ್ಲ, ವಿಶ್‌ಬೋನಿನ ಒಳಭಾಗಕ್ಕೆ ಸರಿದು ಕೂತಿದೆ. ಚಕ್ರ ಓಡಾಡಿದ ದೂರದ ಸುಮಾರು ಮುಕ್ಕಾಲು ಪಾಲಷ್ಟೇ ಅದು ಓಡಾಡುತ್ತದೆ. ಆದ್ದರಿಂದ ಕಾರು ಇಳಿಯುವುದು 20 ಮಿ.ಮೀ.ಗಿಂತ ಹೆಚ್ಚು, 27ರ ಆಸುಪಾಸು. 'ಒಂದೇ ಸುತ್ತು ತೆಗೆದೆ, ಇಷ್ಟು ಇಳಿದದ್ದು ಹೇಗೆ' ಎಂಬ ಪ್ರಶ್ನೆಗೆ ಉತ್ತರ ಇದು.

ಈಗ ಸ್ಪ್ರಿಂಗಿನ ಕಾಣದ ಕೆಲಸಕ್ಕೆ ಬನ್ನಿ. ಅದು ಭಾರ ಹೊರುವುದರ ಜೊತೆಗೆ ಚಕ್ರ ಪೂರ್ತಿ ಕೆಳಗೆ ಜೋತಾಗಲೂ ತನ್ನ ತಟ್ಟೆಯಲ್ಲಿ ಬಿಗಿಯಾಗಿ ಕೂತಿರಬೇಕು. ಶಾಕ್ ಅಬ್ಸಾರ್ಬರ್ ಎಷ್ಟು ಉದ್ದ ಚಾಚಬಲ್ಲದು ಎಂಬುದು ಬದಲಾಗಿಲ್ಲ. ಆದರೆ ಸ್ಪ್ರಿಂಗಿನ ಸಹಜ ಉದ್ದ 40 ಮಿ.ಮೀ. ಕಡಿಮೆಯಾಗಿದೆ. ಚಾಚಿದ ಸ್ಥಿತಿಯಲ್ಲಿ ಮೊದಲು 30 ಮಿ.ಮೀ. ಒತ್ತಡ ಇದ್ದಿದ್ದರೆ ಈಗ 10 ಮಿ.ಮೀ. ಸಡಿಲ. ಉಬ್ಬು ಹಾರಿದಾಗ ಸ್ಪ್ರಿಂಗ್ ಒಳಗೇ ತಿರುಗಿಕೊಳ್ಳುತ್ತದೆ. ಕೆಳತಟ್ಟೆಯಲ್ಲಿ ತಂತಿಯ ತುದಿ ಒರಗಲೆಂದೇ ಒಂದು ಮೆಟ್ಟಿಲಿದೆ. ತುದಿ ಅದರಿಂದ ಹೊರಳಿ ಮೇಲೆ ಹತ್ತಿ ಕೂತರೆ ಆ ಮೂಲೆ ಬೇರೆ ಎತ್ತರದಲ್ಲಿ ನಿಲ್ಲುತ್ತದೆ, ಮುಂದಿನ ಗುಂಡಿಯಲ್ಲಿ 'ಟಣ್' ಎಂದು ಮತ್ತೆ ಜಾರುತ್ತದೆ. ಕತ್ತರಿಸಿದ ಸ್ಪ್ರಿಂಗಿನ ಕಾರು ಕೊಳ್ಳಲು ಹೋದಾಗ ಚಕ್ರ ಜೋತುಬಿದ್ದಿರುವಂತೆ ಜಾಕ್ ಏರಿಸಿ, ಸ್ಪ್ರಿಂಗನ್ನು ಕೈಯಿಂದ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಮಾತು ಮುಗಿಯಿತು.

ಗ್ಯಾಸ್ ಕಟ್ಟರ್ ಹಿಡಿದು ಕತ್ತರಿಸುವುದು, ಇಲ್ಲವೇ ಕಾಯಿಸಿ 'ಕೂರಿಸುವುದು' ಇದಕ್ಕಿಂತ ಕೆಟ್ಟದ್ದು. ಸ್ಪ್ರಿಂಗಿನ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾದ ಕಡೆ ಆ ಹದ ಹೋಗಿ ಮೆತ್ತಗಾಗುತ್ತದೆ, ಅದರ ಅಂಚಿನಲ್ಲಿ ಪೆಡಸಾಗುತ್ತದೆ. ಒಂದು ದಿನ ಆ ಅಂಚಿನಲ್ಲೇ ಮುರಿಯುತ್ತದೆ.

ಇನ್ನು ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿಕೊಳ್ಳದಂತೆ ತಡೆಯುವ ಮೆತ್ತನೆಯ ತುಂಡು. ಈ ಕಾರಿನಲ್ಲಿ ಸಸ್ಪೆನ್ಷನ್ ಓಡಾಟವೇ ಕಡಿಮೆ. ಮೂಲ ವಿನ್ಯಾಸದಲ್ಲೇ ತಿರುವುಗಳಲ್ಲಿ ಬಂಪ್ ಸ್ಟಾಪ್ ಮೃದುವಾಗಿ ಭಾರ ತೆಗೆದುಕೊಳ್ಳುತ್ತದೆ, ಅಂದರೆ ಅದೊಂದು ಎರಡನೇ ಸ್ಪ್ರಿಂಗ್. 30 ಮಿ.ಮೀ. ತಗ್ಗಿಸಿದ ಮೇಲೆ ಕಾರು ಸುಮ್ಮನೆ ನಿಂತಾಗಲೇ ಅದರ ಮೇಲೆ ಕೂತಿರುತ್ತದೆ. ಆಗ ಸವಾರಿ ಎತ್ತಿನಗಾಡಿಯಂತಾಗುತ್ತದೆ, ತಿರುವಿನ ನಡುವೆ ಉಬ್ಬು ಸಿಕ್ಕರೆ ಹಿಂಬದಿ ಹಠಾತ್ತನೆ ಜಾರುತ್ತದೆ. ಅದಕ್ಕೆ ಮದ್ದೆಂದು ಬಂಪ್ ಸ್ಟಾಪನ್ನೇ ಕಿತ್ತೆಸೆದರೆ ಶಾಕ್ ಅಬ್ಸಾರ್ಬರಿನ ಕೊಳವೆ ನೇರವಾಗಿ ಮೇಲಿನ ಮೌಂಟಿಗೆ ಗುದ್ದುತ್ತದೆ. ತಗ್ಗಿಸಲೇಬೇಕಿದ್ದರೆ ಈ ಕಾರಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗ್, ಅದರ ಬಿಗಿತಕ್ಕೆ ಹೊಂದುವ ಹೊಸ ಶಾಕ್ ಅಬ್ಸಾರ್ಬರ್, ಗಿಡ್ಡ ಬಂಪ್ ಸ್ಟಾಪ್ ಮೂರನ್ನೂ ಒಟ್ಟಿಗೆ ಹಾಕಿ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರು ಬದಲಾದರೆ ಅಳತೆಯೂ ಬದಲಾಗುತ್ತದೆ. ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿಗೆ ಅಳೆಯಿರಿ. ರಸ್ತೆ ಕಾರಿಗೆ 12.5ರಿಂದ 13 ಇಂಚಿನ ಕೆಳಗೆ ಇಳಿಯದಿರುವುದು ಕ್ಷೇಮ.

ಸರಿಯಾದ ಭಾಗ ಹಾಕಿದವರೂ ಎಡವುವ ಇನ್ನೊಂದು ಜಾಗವಿದೆ. ವಿಶ್‌ಬೋನ್ ಬೋಲ್ಟುಗಳನ್ನು ಕಾರು ಜಾಕಿನ ಮೇಲಿದ್ದಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಒಳಗಿನ ರಬ್ಬರ್ ಬುಷ್ ಲೋಹಕ್ಕೆ ಅಂಟಿಕೊಂಡದ್ದು. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ಬುಷ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಕಾರನ್ನು ಇಳಿಸಿ, ನಾಲ್ಕಾರು ಮೀಟರ್ ಹಿಂದೆ ಮುಂದೆ ಉರುಳಿಸಿ, ಭಾರ ಚಕ್ರದ ಮೇಲಿರುವಾಗ ಬಿಗಿಯಿರಿ. ಆಮೇಲೆ ಅಲೈನ್‌ಮೆಂಟ್. ಕ್ಯಾಂಬರ್, ಅಂದರೆ ಚಕ್ರದ ಒಳ-ಹೊರ ವಾಲು ಹೊಂದಿಸುವ ಬೋಲ್ಟುಗಳು ಮೂವತ್ತು ವರ್ಷದ ತುಕ್ಕಿಗೆ ಬುಷ್ಷಿನ ಕೊಳವೆಯೊಳಗೆ ಹಿಡಿದುಕೊಂಡಿರುತ್ತವೆ. ಕೆಲಸಕ್ಕೆ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಬನ್ನಿ.

ಚಕ್ರ ಮತ್ತು ಬ್ರೇಕು

ಚಕ್ರ ಹೊರಗೆ ಕಾಣಲಿ ಎಂದು ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ತುರುಕುವವರು ನೋಡಬೇಕಾದ್ದು ಎರಡೇ. ಚಕ್ರ ಬಿಗಿಯುವ ಸ್ಟಡ್ಡಿನ ದಪ್ಪ 12 ಮಿ.ಮೀ., ಅದರ ಥ್ರೆಡ್ಡಿನ ಅಂತರ 1.5 ಮಿ.ಮೀ. ನಟ್ಟು ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಕಚ್ಚಿಕೊಳ್ಳಬೇಕು, ಅಂದರೆ ಎಂಟು ಪೂರ್ತಿ ಸುತ್ತು. ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಎಂಟಕ್ಕಿಂತ ಕಡಿಮೆ ಬಂದರೆ ಉದ್ದನೆಯ ಸ್ಟಡ್ ಬೇಕು. ಎರಡನೆಯದು, ಸ್ಪೇಸರಿನ ನಡುತೂತು ಹಬ್ಬಿನ 54.1 ಮಿ.ಮೀ.ಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ.

1.6 ಲೀಟರ್ ಕಾರಿಗೆ 1.8ರ ದೊಡ್ಡ ಬ್ರೇಕ್ ಹಾಕುವುದು ನಿಜಕ್ಕೂ ಒಳ್ಳೆಯ ಬದಲಾವಣೆ. ಮುಂದಿನ ಡಿಸ್ಕ್ 235ರಿಂದ 255 ಮಿ.ಮೀ.ಗೆ, ಹಿಂದಿನದು 231ರಿಂದ 251ಕ್ಕೆ ಏರುತ್ತದೆ. ಡಿಸ್ಕಿನ ಜೊತೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬ್ರಾಕೆಟ್ಟೂ 1.8ರದ್ದೇ ಬೇಕು. ಹಣ ಉಳಿಸಲು ಮುಂದಿನದನ್ನು ಮಾತ್ರ ಬದಲಿಸಿದರೆ ಬ್ರೇಕಿನ ಪಾಲು ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸ ಮಾಡುವುದಿಲ್ಲ. ಹಿಂದಿನ ಕ್ಯಾಲಿಪರಿನಲ್ಲಿ ಹ್ಯಾಂಡ್‌ಬ್ರೇಕಿನ ಯಂತ್ರವೂ ಅಡಗಿದೆ. ಹೊಸ ಪ್ಯಾಡ್ ಹಾಕಲು ಅದರ ಪಿಸ್ಟನ್ನನ್ನು ಕ್ಲ್ಯಾಂಪಿನಲ್ಲಿ ಒತ್ತಿದರೆ ಆ ಯಂತ್ರ ಹಾಳು. ಹಿಂಬದಿಯ 14 ಮಿ.ಮೀ. ಮುಚ್ಚಳ ಬಿಚ್ಚಿ, ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ತಿರುಗಿಸಿದರೆ ಪಿಸ್ಟನ್ ತಾನೇ ಹಿಂದೆ ಸರಿಯುತ್ತದೆ. ಜೋಡಿಸಿದ ಮೇಲೆ ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಬಿಗಿದು, ಸುತ್ತಿನ ಮೂರನೇ ಒಂದರಷ್ಟು ಸಡಿಲಿಸಿ.

ಹೀಟರ್ ತೆಗೆಯುವ ಮುನ್ನ

ದುಬೈ, ಫೀನಿಕ್ಸ್‌ನಂಥ ಸುಡುವ ಊರಿನಲ್ಲಿ ಹೀಟರ್ ಯಾಕೆ ಬೇಕು, ತೂಕವಾದರೂ ಉಳಿಯಲಿ ಎಂದು ಅದರ ಎರಡು ಹೋಸುಗಳನ್ನು ಕತ್ತರಿಸಿ ಬಿರಡೆ ಹಾಕುವವರಿದ್ದಾರೆ. ಇದು ಎಷ್ಟು ಅಪಾಯ ಎಂದು ತಿಳಿಯಲು ಎಂಜಿನ್ನಿನ ಹುಟ್ಟು ಗೊತ್ತಿರಬೇಕು. ಈ ಎಂಜಿನ್ನಿನ ಮೂಲ ಮುಂಚಕ್ರ ಎಳೆತದ ಮಜ್ದಾ 323. ಅಲ್ಲಿ ಅದು ಅಡ್ಡಲಾಗಿ ಕೂತಿತ್ತು. ನೀರು ಒಂದು ತುದಿಯ ಪಂಪಿನಿಂದ ಒಳಹೊಕ್ಕು, ಎಲ್ಲ ಸಿಲಿಂಡರ್ ದಾಟಿ, ಇನ್ನೊಂದು ತುದಿಯ ಥರ್ಮೋಸ್ಟಾಟಿನಿಂದ ಹೊರಬರುತ್ತಿತ್ತು. ಮಿಯಾಟಾಗೆ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದಾಗ ಥರ್ಮೋಸ್ಟಾಟನ್ನೂ ಮುಂದಕ್ಕೆ ತಂದರು. ನೀರು ಬರುವುದೂ ಮುಂದಿನಿಂದ, ಹೋಗುವುದೂ ಮುಂದಿನಿಂದ. ಹಿಂತುದಿಯಲ್ಲಿರುವ ನಾಲ್ಕನೇ ಸಿಲಿಂಡರಿನ ಬಳಿ ನೀರು ಹರಿಯಲು ಉಳಿದ ದಾರಿ ಹೆಡ್ಡಿನ ಹಿಂಭಾಗದಿಂದ ಹೊರಡುವ ಹೀಟರ್ ಹೋಸ್ ಮಾತ್ರ.

ಆ ಹೋಸಿಗೆ ಬಿರಡೆ ಹಾಕಿದರೆ ನಾಲ್ಕನೇ ಸಿಲಿಂಡರಿನ ಸುತ್ತ ನೀರು ಬಹುತೇಕ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಇದನ್ನು ಹೇಳುವುದಿಲ್ಲ, ಬಿಸಿ ಬಹಳ ಏರುವವರೆಗೂ ಅದು ನಡುವಿನ ಹತ್ತಿರವೇ ನಿಲ್ಲುವಂತೆ ಮಾಡಿಟ್ಟಿದ್ದಾರೆ. ಹೀಟರ್ ತೆಗೆಯಲೇಬೇಕೆಂದರೆ ಹಿಂದಿನ ಹೊರದಾರಿಯಿಂದ ಮರಳುದಾರಿಗೆ ಒಂದೇ ಹೋಸ್ ಜೋಡಿಸಿ, ಹರಿವು ಉಳಿಸಿ. 'ಬಿಸಿಯಾಗುತ್ತೆ' ಎಂದು ಥರ್ಮೋಸ್ಟಾಟ್ ಕಿತ್ತುಹಾಕುವುದೂ ಇದೇ ಜಾತಿಯ ಕೆಲಸ. ಸುಮಾರು 88 ಡಿಗ್ರಿಗೆ ತೆರೆಯುವ ಆ ಕವಾಟವಿಲ್ಲದಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ತಣ್ಣನೆಯ ಎಂಜಿನ್ ಎಂದು ಬಗೆದು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ನಿಜವಾದ ದೋಷ ಹೆಚ್ಚಿನ ಸಲ ರೇಡಿಯೇಟರಿನದು. ಅದರ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪುಬಣ್ಣ ಬಿಟ್ಟು ಕಂದಿದ್ದರೆ ಬಿರುಕು ಬಿಡುವ ಕಾಲ ಬಂದಿದೆ.

ಟೈಮಿಂಗ್ ಮತ್ತು ಗಾಳಿಯ ಲೆಕ್ಕ

ಪೈಸೆ ಖರ್ಚಿಲ್ಲದೆ ಶಕ್ತಿ ಹೆಚ್ಚಿಸುವ ಉಪಾಯವೆಂದು ಹೆಸರಾದದ್ದು ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 10 ಡಿಗ್ರಿ ಮೊದಲು ಹಾರುವ ಕಿಡಿಯನ್ನು 14 ಡಿಗ್ರಿ ಮೊದಲೇ ಹಾರಿಸುವುದು. ಸರಿಯಾಗಿ ಮಾಡಿದರೆ ಕೆಲಸ ಮಾಡುತ್ತದೆ, ಎಂಜಿನ್ ಕೆಳವೇಗದಲ್ಲಿ ಚುರುಕಾಗುತ್ತದೆ. ಎಂಜಿನ್ ಪೂರ್ತಿ ಕಾಯಲಿ, ಎಸಿ, ಲೈಟು, ಫ್ಯಾನು ಎಲ್ಲ ಆರಿರಲಿ. ಬಾನೆಟ್ ಕೆಳಗೆ 'ಡಯಾಗ್ನೋಸಿಸ್' ಎಂದು ಬರೆದ ಡಬ್ಬಿ ತೆರೆದು ಟಿಇಎನ್ ಮತ್ತು ಜಿಎನ್‌ಡಿ ಎಂಬ ಎರಡು ಕಿಂಡಿಗಳನ್ನು ತಂತಿಯಿಂದ ಜೋಡಿಸಿ. ಐಡಲ್, ಅಂದರೆ ಆಕ್ಸಿಲರೇಟರ್ ತುಳಿಯದಾಗಿನ ವೇಗ, ನಿಮಿಷಕ್ಕೆ 850 ಸುತ್ತು, 50 ಆಚೀಚೆ ಇರಬೇಕು. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದನೇ ಪ್ಲಗ್ಗಿನ ವಯರಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಗುರುತು ನೋಡಿ. ಆ ಜೋಡಿಸುವ ತಂತಿ ಹಾಕುವುದನ್ನು ಮರೆತರೆ ಇಸಿಯು ಐಡಲ್ ಕಾಪಾಡಲು ತಾನೇ ಟೈಮಿಂಗ್ ಏರಿಳಿಸುತ್ತಿರುತ್ತದೆ. ಆ ಓಡುವ ಗುರುತನ್ನು ನಂಬಿ ಹೊಂದಿಸಿದರೆ ಲೆಕ್ಕವೆಲ್ಲ ತಲೆಕೆಳಗು.

ಹೊಂದಿಸುವುದು ಹೆಡ್ಡಿನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್ ತಿರುಗಿಸಿ. 12 ಮಿ.ಮೀ. ಬೋಲ್ಟ್ ಒಂದೇ ಇದೆ. ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ 4 ಡಿಗ್ರಿಗೆ ಸೆನ್ಸರ್ ತಿರುಗಬೇಕಾದ್ದು 2 ಡಿಗ್ರಿ ಮಾತ್ರ. ಬೋಲ್ಟಿನ ಬಳಿ ನೋಡಿದರೆ ಅದು ಒಂದು ಮಿ.ಮೀ. ಚಿಲ್ಲರೆ ಅಷ್ಟೆ, ಬೆರಳುಗುರಿನ ದಪ್ಪ. ಅದನ್ನು ಮುಷ್ಟಿ ಹಿಡಿದು ತಿರುವಬೇಡಿ, ಬೆರಳಿಂದ ತಟ್ಟಿ ಸರಿಸಿ. ಅದರ ಒಳಗಿನ ಓ-ರಿಂಗ್ ವರ್ಷಗಳ ಬಿಸಿಗೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿರುತ್ತದೆ. ತಿರುಗಿಸಿದ ವಾರದಲ್ಲೇ ಆಯಿಲ್ ಜಿನುಗತೊಡಗಿ ಹಿಂದಿನ ಹೀಟರ್ ಹೋಸಿನ ಮೇಲೆ, ಅಲ್ಲಿಂದ ಗೇರ್‌ಬಾಕ್ಸಿನ ಮೇಲೆ ಇಳಿಯುತ್ತದೆ. ಆಯಿಲ್ ಕುಡಿದ ರಬ್ಬರ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೈ ಹಾಕುವ ದಿನವೇ ಹೊಸ ಓ-ರಿಂಗ್ ಹಾಕಿ.

14 ಡಿಗ್ರಿಗೆ ಹೋದ ಮೇಲೆ ಪೆಟ್ರೋಲೂ ಬದಲಾಗಬೇಕು. ಅಮೆರಿಕದ ಬಂಕಿನಲ್ಲಾದರೆ 87 ಆಕ್ಟೇನಿನ ಬದಲು 91. ಈ ಎಂಜಿನ್ನಿಗೆ ನಾಕ್ ಸೆನ್ಸರ್ ಇಲ್ಲ. ಎಂಜಿನ್ ಒಳಗೆ ಕಟಕಟ ಎಂದರೂ ಇಸಿಯು ಕೇಳಿಸಿಕೊಂಡು ಟೈಮಿಂಗ್ ಹಿಂದೆಳೆಯುವುದಿಲ್ಲ. ಕೇಳಬೇಕಾದವರು ನೀವು, ಅದೂ ಗಾಳಿ ಬೀಸುವ ತೆರೆದ ಕಾರಿನಲ್ಲಿ.

ಇದರ ಮೇಲೆ ಇನ್ನೊಂದು ಪ್ರಯೋಗ ಸೇರಿದರೆ ಎಂಜಿನ್ನಿಗೆ ನಿಜವಾದ ಅಪಾಯ. 1.6ರಲ್ಲಿ ಗಾಳಿ ಅಳೆಯುವುದು ಸ್ಪ್ರಿಂಗ್ ಕಟ್ಟಿದ ಒಂದು ಬಾಗಿಲು; ಗಾಳಿ ತಳ್ಳಿದಷ್ಟೂ ತೆರೆಯುತ್ತದೆ, ತೆರೆದಷ್ಟೂ ಇಸಿಯು ಪೆಟ್ರೋಲ್ ಕೊಡುತ್ತದೆ. ಮೇಲಿನ ಕಪ್ಪು ಮುಚ್ಚಳ ಎಬ್ಬಿಸಿದರೆ ಹಲ್ಲಿನ ಚಕ್ರವೊಂದು ಕಾಣುತ್ತದೆ. ಅದನ್ನು ಬಿಗಿಯಾಗುವತ್ತ ಕೆಲವು ಹಲ್ಲು ತಿರುಗಿಸಿದರೆ ಬಾಗಿಲು ಕಡಿಮೆ ತೆರೆದು ಪೆಟ್ರೋಲ್ ಕಡಿಮೆಯಾಗುತ್ತದೆ. ಮೂಲದಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಮಿಶ್ರಣ ಬೇಕಿದ್ದಕ್ಕಿಂತ ದಟ್ಟವಾಗಿದೆ, ತೆಳುಗೊಳಿಸಿದರೆ ಶಕ್ತಿ ಬರುತ್ತದೆ ಎಂಬುದು ವಾದ. ವಾದದಲ್ಲಿ ಸತ್ಯವಿದೆ. ಆದರೆ ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನಿಮ್ಮ ತಪ್ಪನ್ನು ತಿದ್ದುತ್ತಿರುತ್ತದೆ, ಕಾರು ಚೆನ್ನಾಗಿಯೇ ಓಡುತ್ತದೆ. ಪೂರ್ತಿ ತುಳಿದಾಗ ಆ ತಿದ್ದುಪಡಿ ನಿಲ್ಲುತ್ತದೆ, ಆಗ ತಪ್ಪು ಪೂರ್ತಿಯಾಗಿ ಎಂಜಿನ್ನಿಗೇ ತಟ್ಟುತ್ತದೆ. ಆ ದಟ್ಟ ಮಿಶ್ರಣದ ಇನ್ನೊಂದು ಕೆಲಸ ಸಿಲಿಂಡರನ್ನು ತಂಪಾಗಿಡುವುದು. ಕಿಡಿಯನ್ನು ಬೇಗ ಹಾರಿಸಿ ಒಂದು ಕಡೆಯ ರಕ್ಷಣೆ ತೆಗೆದಿದ್ದೀರಿ, ಇದರಿಂದ ಇನ್ನೊಂದನ್ನೂ ತೆಗೆದಂತಾಯಿತು. ವೈಡ್‌ಬ್ಯಾಂಡ್ ಮೀಟರ್ ಹಾಕಿ ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯದೆ ಆ ಚಕ್ರ ಮುಟ್ಟಬೇಡಿ. ಮುಟ್ಟುವ ಮುನ್ನ ಮೂಲ ಹಲ್ಲಿಗೆ ಬಿಳಿ ಬಣ್ಣದ ಚುಕ್ಕೆ ಇಡಿ.

ಸ್ಟಿಯರಿಂಗ್

ಪವರ್ ಸ್ಟಿಯರಿಂಗ್ ಪಂಪ್ ತೆಗೆದು, ಮುಂದಿನ ಚಕ್ರಗಳನ್ನು ತಿರುಗಿಸುವ ರ‍್ಯಾಕಿನ ಎರಡು ಕೊಳವೆಗಳಿಗೆ ಒಂದು ಹೋಸ್ ಸುತ್ತಿಬಿಟ್ಟರೆ ಮ್ಯಾನುವಲ್ ಆಯಿತೆಂದು ನಂಬುವವರು ಬಹಳ. ಮಜ್ದಾದ ನಿಜವಾದ ಮ್ಯಾನುವಲ್ ರ‍್ಯಾಕಿನ ಅನುಪಾತ 18ಕ್ಕೆ 1, ಪವರ್ ರ‍್ಯಾಕಿನದು 15ಕ್ಕೆ 1. ಅಂದರೆ ಸಹಾಯವಿಲ್ಲದೆ ಭಾರವಾದ ಗೇರನ್ನು ತಿರುಗಿಸುತ್ತಿದ್ದೀರಿ. ಅದರ ಜೊತೆ ಒಳಗಿನ ಪಿಸ್ಟನ್ ಪ್ರತಿ ತಿರುವಿನಲ್ಲೂ ಆಯಿಲನ್ನು ಆಚೀಚೆ ನೂಕುತ್ತಿರುತ್ತದೆ. ಸ್ಟಿಯರಿಂಗ್ ದಂಡದ ತುದಿಯ ಹಲ್ಲಿನ ಗಾಲಿಯಾದ ಪಿನಿಯನ್ನಿನ ಒಳಗೆ, ಕವಾಟ ತೆರೆಯಲೆಂದು ಕೊಂಚ ತಿರುಚಿಕೊಳ್ಳುವ ಒಂದು ತೆಳು ಸಲಾಕೆಯಿದೆ. ಪಂಪ್ ಇಲ್ಲದಾಗ ಅದರ ಬಳುಕು ಸ್ಟಿಯರಿಂಗ್ ನೇರವಿರುವಾಗ ಸಡಿಲದಂತೆ ಕೈಗೆ ತಿಳಿಯುತ್ತದೆ. ಸರಿಯಾದ ವಿಧಾನ ರ‍್ಯಾಕನ್ನು ಬಿಚ್ಚಿ ಪಿಸ್ಟನ್ನಿನ ಸೀಲ್ ತೆಗೆಯುವುದು, ಆ ಸಲಾಕೆಯನ್ನು ವೆಲ್ಡಿಂಗ್‌ನಿಂದ ಬಂಧಿಸುವುದು, ಗ್ರೀಸ್ ತುಂಬಿ ಜೋಡಿಸುವುದು. ಎಸಿ ಕಂಪ್ರೆಸರಿನ ಬೆಲ್ಟೂ ಇದೇ ಪಂಪನ್ನು ಸುತ್ತಿದೆ ಎಂಬುದು ಪಂಪ್ ಕೈಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ವಯರಿಂಗ್, ಬ್ಯಾಟರಿ

ಹೆಡ್‌ಲೈಟಿನ ಎಚ್4 ಬಲ್ಬಿನ ಹೈ ಬೀಮ್ 60 ವ್ಯಾಟ್, ಎರಡಕ್ಕೆ 120, ಅಂದರೆ 12 ವೋಲ್ಟಿನಲ್ಲಿ 10 ಆಂಪ್. 100 ವ್ಯಾಟಿನ ಬಲ್ಬ್ ಹಾಕಿದರೆ ಸುಮಾರು 16.7 ಆಂಪ್. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುವುದರಿಂದ ಅದು ಹೆಚ್ಚುಕಡಿಮೆ 2.8 ಪಟ್ಟು. ಮೂವತ್ತು ವರ್ಷದ ಕನೆಕ್ಟರ್ ಮೊದಲು ಕಂದುತ್ತದೆ, ಆಮೇಲೆ ಕರಗುತ್ತದೆ. ಮಾಡುವುದಿದ್ದರೆ ಪ್ರತ್ಯೇಕ ರಿಲೇ, 2.5 ಚದರ ಮಿ.ಮೀ. ವಯರ್, ಮೂಲದಿಂದ ಗೇಣುದೂರದೊಳಗೆ ಫ್ಯೂಸ್ ಹಾಕಿ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಅಲ್ಲಿಂದ ಫ್ಯೂಸ್ ಇಲ್ಲದ ವಯರನ್ನು ಕಾರ್ಪೆಟ್ ಕೆಳಗೆ ಎಳೆದು ತಂದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಬಾನೆಟ್ ಕೆಳಗಿನ ಮುಖ್ಯ ಫ್ಯೂಸ್ ಪೆಟ್ಟಿಗೆಯಿಂದಲೇ ತೆಗೆದುಕೊಳ್ಳಿ.

ಡಿಕ್ಕಿಯಲ್ಲಿರುವುದರಿಂದಲೇ ಕಾರ್ಖಾನೆಯವರು ಮುಚ್ಚಿದ ಮಾದರಿಯ ಬ್ಯಾಟರಿ ಕೊಟ್ಟು, ಅನಿಲ ಹೊರಹೋಗಲು ಸಣ್ಣ ಕೊಳವೆಗಳನ್ನು ಕಾರಿನ ತಳದಿಂದ ಆಚೆ ಬಿಟ್ಟಿದ್ದಾರೆ. ಅಗ್ಗವೆಂದು ಸಾಮಾನ್ಯ ಆಸಿಡ್ ಬ್ಯಾಟರಿ ಇಟ್ಟರೆ ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಡಿಕ್ಕಿಯಲ್ಲೇ ಉಳಿಯುತ್ತದೆ, ಆಸಿಡ್ ಹಬೆ ತಗಡನ್ನು ತಿನ್ನುತ್ತದೆ. ಆಸಿಡ್ಡನ್ನು ಗಾಜಿನ ನಾರಿನಲ್ಲಿ ಹಿಡಿದಿಡುವ ಎಜಿಎಂ ಮಾದರಿಯನ್ನೇ ಕೊಂಡು ಕೊಳವೆ ಸಿಕ್ಕಿಸಿ.

ಸಿಲ್ಲಿಗೆ ಫೋಮ್ ತುಂಬುವುದು

ಮೇಲ್ಛಾವಣಿ ಇಲ್ಲದ ಕಾರು ಉಬ್ಬುಗಳಲ್ಲಿ ನಡುಗುತ್ತದೆ. ಬಾಗಿಲ ಕೆಳಗಿನ ಸಿಲ್ಲಿನೊಳಗೆ ಉಬ್ಬುವ ಫೋಮ್ ತುಂಬಿದರೆ ಗಟ್ಟಿಯಾಗುತ್ತದೆ ಎಂಬ ಸಲಹೆ ತಲೆಮಾರಿನಿಂದ ಸುತ್ತುತ್ತಿದೆ. ಬಾಗಿಲ ಸಂದು ಮುಚ್ಚಲು ಬಳಸುವ ಡಬ್ಬಿಯ ಫೋಮ್ ತಗಡಿಗೆ ಬಲ ಕೊಡುವಷ್ಟು ಗಟ್ಟಿಯಲ್ಲ. ಅದಕ್ಕಿಂತ ಮುಖ್ಯ, ಸಿಲ್ಲಿಗೂ ಇನ್ನೊಂದು ಕೆಲಸವಿದೆ. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ದೋಣಿಯಲ್ಲಿ ಕೂಡಿ, ಎರಡು ಬದಿಯ ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ, ಸಿಲ್ಲಿನ ಕೊನೆಯಲ್ಲಿ ಹೊರಬರುತ್ತದೆ. ಫೋಮ್ ಆ ದಾರಿ ಮುಚ್ಚುತ್ತದೆ, ಒದ್ದೆಯನ್ನು ತಗಡಿಗೆ ಒತ್ತಿ ಹಿಡಿಯುತ್ತದೆ. ತುಕ್ಕು ಒಳಗಿನಿಂದ ಶುರುವಾಗಿ, ಹೊರಗೆ ಪೇಂಟ್ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ಮೂರು ಪದರದಲ್ಲಿ ಎರಡು ಹೋಗಿರುತ್ತವೆ. ಆಮೇಲೆ ವೆಲ್ಡಿಂಗ್ ಮಾಡಿ ಸರಿಪಡಿಸಲೂ ಆಗದು. ಫೋಮ್ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ.

ನಡುಕಕ್ಕೆ ತಳದ ರೈಲುಗಳಿಗೆ ಬಿಗಿಯುವ ಉಕ್ಕಿನ ಬ್ರೇಸ್ ಸಿಗುತ್ತದೆ, ಅದು ನಿಜಕ್ಕೂ ಉಪಯೋಗ. ದೋಣಿಯ ತೂತುಗಳಲ್ಲಿ ವರ್ಷಕ್ಕೆರಡು ಸಲ ಅರ್ಧ ಲೀಟರ್ ನೀರು ಸುರಿದು ನೋಡಿ; ಸುರಿದ ಹಾಗೆಯೇ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಕಟ್ಟಿಕೊಂಡಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಇಳಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆದರೆ ಒಳಗಿನ ಕೊಳವೆ ಕಳಚಿ, ನೀರು ನೇರ ಸಿಲ್ಲಿನೊಳಗೇ ಬೀಳುತ್ತದೆ.

ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಿಂದಿನ ಡಿಫರೆನ್ಷಿಯಲ್ಲಿಗೆ ವೆಲ್ಡ್ ಹೊಡೆದು ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಮಾಡುವುದು ಡ್ರಿಫ್ಟ್ ಮೈದಾನಕ್ಕೆ ಸರಿ. ಒದ್ದೆ ರಸ್ತೆಯ ತಿರುವಿನಲ್ಲಿ ಅದು ಕಾರನ್ನು ನೇರಕ್ಕೆ ನೂಕುತ್ತದೆ.

ಕೊನೆಯದಾಗಿ ಸೀಟುಗಳ ಹಿಂದೆ ಹೊಳೆಯುವ ಬಾರ್. ತೆಳು ಪೈಪಿನಲ್ಲಿ ಬಾಗಿಸಿ, ತಗಡಿಗೆ ನಾಲ್ಕು ಬೋಲ್ಟ್ ಹಾಕಿ ನಿಲ್ಲಿಸಿದ 'ಸ್ಟೈಲ್ ಬಾರ್' ಕಾರು ಮಗುಚಿದರೆ ಮಡಿಚಿಕೊಂಡು ತಲೆಯ ಮೇಲೇ ಬರುತ್ತದೆ. ಮಾರುವವರು ಅದನ್ನೇ ರೋಲ್ ಬಾರ್ ಎನ್ನುತ್ತಾರೆ. ಹೊಗೆ ಕೊಳವೆಯ ಪೈಪನ್ನು ಬಾಗಿಸಿ ಮನೆಯಲ್ಲೇ ಮಾಡುವವರೂ ಇದ್ದಾರೆ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ನಿಜವಾದ ರೋಲ್ ಬಾರ್‌ಗೆ ಹಿಂದಕ್ಕೆ ಚಾಚಿದ ಎರಡು ಆನಿಕೆಗಳು, ಅಡ್ಡಲಾಗಿ ಒಂದು ಮೂಲೆಪಟ್ಟಿ, ತಗಡನ್ನು ನಡುವೆ ಹಿಡಿದಿಡುವ ದಪ್ಪ ಪ್ಲೇಟುಗಳು ಇರುತ್ತವೆ. ಅಷ್ಟಿದ್ದರೂ ಎತ್ತರ ಸಾಲದಿದ್ದರೆ ಉಪಯೋಗವಿಲ್ಲ. ನಿಮ್ಮ ಜಾಗದಲ್ಲಿ ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತುಕೊಳ್ಳಿ. ಇನ್ನೊಬ್ಬರು ಬಾರ್‌ನ ನೆತ್ತಿಯಿಂದ ಮುಂದಿನ ಗಾಜಿನ ಚೌಕಟ್ಟಿನ ನೆತ್ತಿಗೆ ನೇರವಾದ ಒಂದು ಕೋಲು ಇಡಲಿ. ಕೋಲಿನ ಕೆಳಗೆ ಹೆಲ್ಮೆಟ್ಟಿನ ಮೇಲೆ ಎರಡು ಇಂಚು ಜಾಗ ಕಾಣಬೇಕು. ಕಾಣದಿದ್ದರೆ ಸೀಟಿನ ಸ್ಪಂಜು ತೆಗೆದು ಕೆಳಗೆ ಕೂತು, ಮತ್ತೆ ಅಳೆಯಿರಿ.